ಎಣ್ಣೆಯ ಲೆಕ್ಕ, ಜೀವದ ಲೆಕ್ಕ: ಯುದ್ಧಕಾಲದ ತೈಲದಾಳಿಗಳು ಮತ್ತು ಹೈದರಾಬಾದಿನ ನಂಟು

1

ಯುದ್ಧದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸೈನ್ಯದ ಲೆಕ್ಕವನ್ನೂ ಆಯುಧದ ಲೆಕ್ಕವನ್ನೂ ಹಾಳಾದ ಸೊತ್ತಿನ ಲೆಕ್ಕವನ್ನೂ ವಿವರವಾಗಿ ಕೊಡುತ್ತಾರೆ. ಆ ಸೊತ್ತಿನ ಆಸುಪಾಸಿನಲ್ಲಿ ದುಡಿಯುತ್ತಿದ್ದ, ವಾಸಿಸುತ್ತಿದ್ದ ಸಾಮಾನ್ಯರ ಸಾವು ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ತೈಲ ಶುದ್ಧೀಕರಣಾಗಾರಗಳ ಮತ್ತು ತೈಲ ಸಂಗ್ರಹಾಗಾರಗಳ ಮೇಲೆ ನಡೆದ ದಾಳಿಗಳ ಮಟ್ಟಿಗಂತೂ ಈ ಮಾತು ಬಹುಪಾಲು ನಿಜ. ಸುಟ್ಟ ಎಣ್ಣೆಯ ಗ್ಯಾಲನ್ನುಗಳು ಲೆಕ್ಕಕ್ಕೆ ಸಿಕ್ಕಿವೆ. ಸುಟ್ಟ ಮನುಷ್ಯರು ಸಿಕ್ಕಿಲ್ಲ. ಈ ಅಂತರವನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ಅಧ್ಯಯನ ಪೀಠಕ್ಕೂ ತೈಲದಾಳಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಹೈದರಾಬಾದಿನಲ್ಲಿ ಕುಳಿತು ಈ ವಿಷಯವನ್ನು ಯೋಚಿಸಿದಾಗ ಮೂರು ನಂಟುಗಳು ನಮಗೆ ಕಾಣುತ್ತವೆ. ಮೊದಲನೆಯದು, ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳನ್ನೊಳಗೊಂಡಿದ್ದ ಹೈದರಾಬಾದ್ ಸಂಸ್ಥಾನವು ಬಾಂಬರ್ ವಿಮಾನಗಳಿಗೆ ಹಣ ಕೊಟ್ಟಿತ್ತು. ಎರಡನೆಯದು, ಈ ಜಿಲ್ಲೆಗಳ ಹಳ್ಳಿಗಳಲ್ಲಿ ರಾತ್ರಿ ದೀಪ ಉರಿಯುತ್ತಿದ್ದುದು ದೂರದ ಬಾವಿಗಳಿಂದ ಬಂದ ಸೀಮೆಎಣ್ಣೆಯಿಂದ. ಮೂರನೆಯದು, ಸತ್ತವರನ್ನು ಹೆಸರಿಟ್ಟು ಕಲ್ಲಿನಲ್ಲಿ ಕಾಪಾಡಿದ ದೀರ್ಘ ಪರಂಪರೆಯೊಂದು ಕನ್ನಡಕ್ಕಿದೆ. ಈ ಮೂರನ್ನೂ ಕ್ರಮವಾಗಿ ನೋಡಬಹುದು.

2

ಭಾರತದ ನೆಲದಲ್ಲಿ ತೈಲವನ್ನೇ ಗುರಿಯಾಗಿಟ್ಟು ನಡೆದ ಪ್ರಸಿದ್ಧ ದಾಳಿ ಆಕಾಶದಿಂದ ಬಂದುದಲ್ಲ, ಕಡಲಿನಿಂದ ಬಂದುದು. 1914ರ ಸೆಪ್ಟೆಂಬರ್ 22ರ ರಾತ್ರಿ ಎಮ್ಡೆನ್ ಎಂಬ ಜರ್ಮನ್ ಯುದ್ಧನೌಕೆ ಮದರಾಸು ಬಂದರಿನ ಎದುರಿಗೆ ಬಂದು, ಬರ್ಮಾ ಆಯಿಲ್ ಕಂಪನಿಯ ತೈಲದ ಟಾಕಿಗಳ ಮೇಲೆ ಗುಂಡಿನ ಮಳೆಗರೆಯಿತು. ನೌಕೆಯ ನಾಯಕ ಕಾರ್ಲ್ ಫಾನ್ ಮ್ಯುಲ್ಲರ್. ಸುಮಾರು 125ರಿಂದ 130 ಗುಂಡುಗಳು ಹಾರಿದವು. ಮೂರೂವರೆ ಲಕ್ಷ ಗ್ಯಾಲನ್ನಿನಷ್ಟು ಎಣ್ಣೆ ಉರಿದುಹೋಯಿತು. ಬಂದರಿನಲ್ಲಿಯೂ ಹಡಗಿನಲ್ಲಿಯೂ ಕೆಲವರು ಸತ್ತರು, ಹಲವರು ಗಾಯಗೊಂಡರು. ಮರುದಿನದಿಂದ ಸಾವಿರಾರು ಜನ ನಗರವನ್ನು ಬಿಟ್ಟು ಒಳನಾಡಿನ ಕಡೆಗೆ ಹೊರಟರು. ಅದೇ ವರ್ಷದ ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ಎಮ್ಡೆನ್ ನಾಶವಾಯಿತು.

ಈ ಘಟನೆ ಎರಡು ಗುರುತುಗಳನ್ನು ಬಿಟ್ಟುಹೋಗಿದೆ. ಒಂದು, ಮದರಾಸು ಉಚ್ಚ ನ್ಯಾಯಾಲಯದ ಆವರಣ ಗೋಡೆಯಲ್ಲಿ ಗುಂಡು ತಾಗಿದ ಜಾಗವನ್ನು ಸೂಚಿಸುವ ಫಲಕ. ಇನ್ನೊಂದು, ತಮಿಳಿನಲ್ಲಿ ಎದೆಗಾರನಾದ ಚಾಲಾಕಿಯನ್ನು ಸೂಚಿಸುವ ‘ಎಮ್ಡೆನ್’ ಎಂಬ ಪದ. ದಾಳಿ ಮಾಡಿದ ಹಡಗಿನ ಹೆಸರು ಭಾಷೆಯನ್ನು ಸೇರಿತು. ಅಂದು ಬಂದರಿನಲ್ಲಿ ಪ್ರಾಣ ಬಿಟ್ಟವರ ಹೆಸರುಗಳನ್ನು ಜನ ಮರೆತರು. ಭಾಷೆಯ ಅಭ್ಯಾಸಿಗಳು ಇದನ್ನು ಗಮನಿಸಬೇಕು.

ಸುಟ್ಟ ಎಣ್ಣೆ ಯಾವುದು ಎಂಬುದೂ ಮುಖ್ಯ. 1886ರಲ್ಲಿ ಸ್ಥಾಪನೆಯಾದ ಬರ್ಮಾ ಆಯಿಲ್ ಕಂಪನಿಯು ಯೆನಾಂಜಾವ್‌ನ ಬಾವಿಗಳಿಂದ ತೆಗೆದ ಕಚ್ಚಾ ತೈಲವನ್ನು ರಂಗೂನಿನ ಎದುರು ದಂಡೆಯ ಸಿರಿಯಂನಲ್ಲಿ ಶುದ್ಧೀಕರಿಸಿ, ಸೀಮೆಎಣ್ಣೆಯನ್ನು ಭಾರತದ ರೇವುಗಳಿಗೆ ಕಳುಹಿಸುತ್ತಿತ್ತು. ‘ಸೀಮೆ’ ಎಂಬ ವಿಶೇಷಣವೇ ಈ ವಸ್ತು ಹೊರಗಿನಿಂದ ಬಂದುದೆಂದು ಹೇಳುತ್ತದೆ. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಇದು ‘ಚಿಮಣಿ ಎಣ್ಣೆ’ ಎನಿಸಿಕೊಂಡಿತು. ಎಣ್ಣೆ ತೀರಿದ ಮೇಲೆ ಉಳಿದ ತಗಡಿನ ಡಬ್ಬ ನೀರು ಹೊರಲು, ಕಾಳು ತುಂಬಲು, ಕೊನೆಗೆ ಚಪ್ಪಟೆಯಾಗಿ ಮಾಡಿಗೆ ಹೊದಿಸಲು ಒದಗಿತು. ಹೀಗೆ ಮದರಾಸಿನ ಟಾಕಿ ಉರಿದಾಗ ಉರಿದದ್ದು ಸಾಮ್ರಾಜ್ಯದ ಸೊತ್ತು ಮಾತ್ರವಾಗಿರಲಿಲ್ಲ. ಹಳ್ಳಿಯ ದೀಪದ ಎಣ್ಣೆಯೂ ಆಗಿತ್ತು.

3

ಎಮ್ಡೆನ್ ದಾಳಿಯ ನಾಲ್ಕು ವರ್ಷಗಳ ಬಳಿಕ, ಅದೇ ಯುದ್ಧದ ಕೊನೆಯ ತಿಂಗಳುಗಳಲ್ಲಿ, ಹೈದರಾಬಾದಿನ ಹೆಸರು ಹೊತ್ತ ವಿಮಾನಗಳು ಜರ್ಮನಿಯ ಆಕಾಶದಲ್ಲಿ ಕಾಣಿಸಿಕೊಂಡವು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಬ್ರಿಟಿಷರ ಯುದ್ಧಪ್ರಯತ್ನಕ್ಕೆ ನೀಡಿದ ಕೊಡುಗೆಗಳಲ್ಲಿ ಒಂದು ಪೂರ್ಣ ಬಾಂಬರ್ ದಳದ ವಿಮಾನಗಳೂ ಸೇರಿದ್ದವು. ಡಿಎಚ್‌9ಎ ಮಾದರಿಯ ಆ ವಿಮಾನಗಳನ್ನು ಪಡೆದ 110ನೆಯ ದಳವು ಮುಂದೆ ‘ಹೈದರಾಬಾದ್ ದಳ’ವೆಂದೇ ಹೆಸರಾಯಿತು. ನಿಜಾಮರ ಕೊಡುಗೆಯೆಂಬ ಬರಹವನ್ನು ವಿಮಾನಗಳ ಮೇಲೆ ಬರೆಯಲಾಗಿತ್ತು. 1918ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ನೆಲೆಯಿಂದ ಕಾರ್ಯಾಚರಣೆಗಿಳಿದ ಈ ದಳವು ಫ್ರಾಂಕ್‌ಫರ್ಟ್ ಮೊದಲಾದ ಜರ್ಮನ್ ನಗರಗಳ ಮೇಲೆ ಹಗಲಿನಲ್ಲಿಯೇ ಬಾಂಬು ಹಾಕಿತು. ತಾನೂ ಅನೇಕ ವಿಮಾನಗಳನ್ನು ಕಳೆದುಕೊಂಡಿತು.

ಹಣ ಸಂಸ್ಥಾನದ ಬೊಕ್ಕಸದಿಂದ ಹೋಗಿರಲಿ, ನಿಜಾಮರ ಸ್ವಂತದ ಸರ್ಫೆಖಾಸ್ ಭೂಮಿಗಳಿಂದ ಹೋಗಿರಲಿ, ಎರಡರ ಬೇರೂ ಭೂಕಂದಾಯವೇ. 1918 ಮುಂಗಾರು ಕೈಕೊಟ್ಟ ವರ್ಷ. ಇನ್‌ಫ್ಲುಯೆಂಜಾ ದಖ್ಖಣದ ಹಳ್ಳಿಗಳನ್ನು ಬರಿದು ಮಾಡಿದ ವರ್ಷವೂ ಹೌದು. ಆ ವರ್ಷ ಜೋಳ ಬೆಳೆಯದ ಹೊಲದ ಒಡೆಯನಿಗೆ ತನ್ನ ಕಂದಾಯ ಫ್ರಾಂಕ್‌ಫರ್ಟಿನ ಮೇಲೆ ಬಾಂಬಾಗಿ ಬೀಳುತ್ತಿದೆಯೆಂದು ತಿಳಿದಿರುವ ಸಂಭವವಿಲ್ಲ. ಆ ಬಾಂಬಿನ ಕೆಳಗೆ ಸಿಕ್ಕಿದ ಜರ್ಮನ್ ಕಾರ್ಮಿಕನಿಗೂ ಅದು ಎಲ್ಲಿಯ ಹಣವೆಂದು ತಿಳಿದಿರಲಾರದು. ಪರಸ್ಪರ ಅರಿಯದ ಇಬ್ಬರು ಬಡವರನ್ನು ಹೀಗೆ ಕೊಲ್ಲುವವನಾಗಿಯೂ ಸಾಯುವವನಾಗಿಯೂ ಜೋಡಿಸಿದ್ದು ವಿಮಾನಯುದ್ಧದ ಹೊಸತನ.

ಬ್ರಿಟನ್ ಎರಡನೆಯ ಮಹಾಯುದ್ಧಕ್ಕಿಳಿದ ಮರುದಿನ, 1939ರ ಸೆಪ್ಟೆಂಬರ್ 4ರಂದು, ಜರ್ಮನ್ ನೌಕೆಗಳ ಮೇಲೆ ಬ್ರಿಟನ್ ನಡೆಸಿದ ಮೊದಲ ಬಾಂಬುದಾಳಿಯಲ್ಲಿ ಇದೇ 110ನೆಯ ದಳ ಭಾಗವಹಿಸಿತು. ಆ ಯುದ್ಧದಲ್ಲಿ 152 ಮತ್ತು 253ನೆಯ ಯುದ್ಧವಿಮಾನದಳಗಳಿಗೂ ಹೈದರಾಬಾದಿನ ಹೆಸರು ಬಂದಿತು. 1942ರಲ್ಲಿ 110ನೆಯ ದಳ ಭಾರತಕ್ಕೆ ಬಂದು, ಬಳಿಕ ಬರ್ಮಾದ ರಣರಂಗದಲ್ಲಿ ಹೋರಾಡಿತು. ಅಷ್ಟರಲ್ಲಿ ಬರ್ಮಾದಲ್ಲಿ ನಡೆದುಹೋಗಿದ್ದ ಸಂಗತಿಗಳೇ ನಮ್ಮ ವಿಷಯದ ಹೃದಯಭಾಗ.

4

1937ರವರೆಗೆ ಬರ್ಮಾ ಬ್ರಿಟಿಷ್ ಭಾರತದ ಒಂದು ಪ್ರಾಂತ. 1931ರ ಜನಗಣತಿಯಂತೆ ಅಲ್ಲಿ 10 ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದರು. ರಂಗೂನ್ ನಗರದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಭಾರತೀಯರೇ. ಹಡಗುಕಟ್ಟೆಯಲ್ಲಿ, ಅಕ್ಕಿಯ ಗಿರಣಿಗಳಲ್ಲಿ, ಎಣ್ಣೆಯ ಕಾರ್ಖಾನೆಗಳಲ್ಲಿ ಮೈಮುರಿದು ದುಡಿದವರಲ್ಲಿ ಆಂಧ್ರದ ಕರಾವಳಿಯಿಂದ ಹೋದ ತೆಲುಗರ ಸಂಖ್ಯೆ ದೊಡ್ಡದು. ಗೋದಾವರಿ ಮುಖಜದ ಕೋರಂಗಿ ರೇವಿನ ಹೆಸರಿನಿಂದ ಅವರನ್ನು ಅಲ್ಲಿ ‘ಕೋರಂಗಿ’ಗಳೆಂದು ಕರೆಯುತ್ತಿದ್ದರು. ಇಂದು ಹೈದರಾಬಾದಿನ ಕನ್ನಡಿಗರಾದ ನಾವು ಯಾವ ಭಾಷಿಕರ ನೆರೆಯಲ್ಲಿ ಬಾಳುತ್ತಿದ್ದೇವೆಯೋ ಆ ಭಾಷಿಕರ ಹಿರಿಯರ ಕಥೆಯಿದು.

1941ರ ಡಿಸೆಂಬರ್ 23ರಂದು ಜಪಾನಿನ ವಿಮಾನಗಳು ರಂಗೂನಿನ ಮೇಲೆ ಮೊದಲ ಬಾರಿಗೆ ಬಾಂಬು ಹಾಕಿದವು. ವಿಮಾನದಾಳಿಯ ಅನುಭವವೇ ಇಲ್ಲದ ಜನ ಬೀದಿಯಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಆ ಒಂದೇ ದಿನ ಸಾವಿರಕ್ಕೂ ಹೆಚ್ಚು ಮಂದಿ ಸತ್ತರೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಎರಡು ಸಾವಿರ ಮೀರಿತೆನ್ನುವವರೂ ಇದ್ದಾರೆ. ಎರಡು ದಿನಗಳ ಬಳಿಕ ಮತ್ತೆ ದಾಳಿಯಾಯಿತು. ಹಡಗುಕಟ್ಟೆಯ ಕೂಲಿಗಳು ನಗರ ಬಿಟ್ಟು ಓಡಿದರು. ಬಂದರಿನ ಕೆಲಸ ನಿಂತಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಬೇಕು. ಜಪಾನೀಯರಿಗೆ ಸಿರಿಯಂನ ಶುದ್ಧೀಕರಣಾಗಾರ ಬೇಕಾಗಿತ್ತು; ತೈಲವೇ ಅವರ ಯುದ್ಧದ ಮುಖ್ಯ ಗುರಿಗಳಲ್ಲೊಂದು. ಆದುದರಿಂದ ಅದನ್ನು ನಾಶಮಾಡಿದವರು ಹಿಂದೆಗೆಯುತ್ತಿದ್ದ ಬ್ರಿಟಿಷರೇ. 1942ರ ಮಾರ್ಚ್ 7ರಂದು ಸಿರಿಯಂಗೆ ಬೆಂಕಿಯಿಡಲಾಯಿತು. ಮರುದಿನ ರಂಗೂನ್ ಜಪಾನೀಯರ ವಶವಾಯಿತು. ಏಪ್ರಿಲ್ ನಡುವಿನಲ್ಲಿ ಯೆನಾಂಜಾವ್‌ನ ಬಾವಿಗಳಿಗೂ ಅದೇ ಗತಿಯಾಯಿತು. ಜಪಾನೀಯರ ಕೈಸೇರಿದ ಬಳಿಕ ಈ ತೈಲನೆಲೆಗಳು ಮಿತ್ರಪಕ್ಷದ ವಿಮಾನಗಳ ಗುರಿಯಾದವು. ಯಾರ ಧ್ವಜ ಹಾರಿದರೂ ಆ ನೆಲೆಯ ಪಕ್ಕದಲ್ಲಿ ವಾಸಿಸಿದವರ ತಲೆಯ ಮೇಲಿನ ಅಪಾಯ ಬದಲಾಗಲಿಲ್ಲ.

ಕೆಲಸ ಕಳೆದುಕೊಂಡ, ಮನೆ ಕಳೆದುಕೊಂಡ ಭಾರತೀಯರು ಅರಾಕಾನಿನ ದಾರಿಯಲ್ಲಿಯೂ ಮಣಿಪುರದ ಬೆಟ್ಟಗಳಲ್ಲಿಯೂ ಕಾಲ್ನಡಿಗೆಯಿಂದ ಹೊರಟರು. ಹಡಗಿನಲ್ಲಿಯೂ ವಿಮಾನದಲ್ಲಿಯೂ ಸ್ಥಳ ಮೊದಲು ಸಿಕ್ಕಿದ್ದು ಯೂರೋಪಿಯನ್ನರಿಗೆ. ಬೆಟ್ಟದ ದಾರಿಗಳಲ್ಲೂ ಬಿಳಿಯರ ದಾರಿ, ಕರಿಯರ ದಾರಿ ಎಂಬ ಭೇದವಿತ್ತು. ಹೀಗೆ ಭಾರತ ಸೇರಿದವರು ನಾಲ್ಕರಿಂದ ಐದು ಲಕ್ಷ. ಕಾಲರಾ, ಮಲೇರಿಯಾ, ಹಸಿವುಗಳಿಂದ ದಾರಿಯಲ್ಲಿ ಸತ್ತವರು ಹತ್ತು ಸಾವಿರವೆಂದು ಕೆಲವರು, ಐವತ್ತು ಸಾವಿರವೆಂದು ಕೆಲವರು ಅಂದಾಜು ಮಾಡಿದ್ದಾರೆ. ಈ ಎರಡು ಅಂದಾಜುಗಳ ನಡುವಣ ಅಂತರವೇ ನಲವತ್ತು ಸಾವಿರ ಜೀವ.

ಇದಕ್ಕೆ ಎದುರಾಗಿ ಎಣ್ಣೆಯ ಲೆಕ್ಕವನ್ನು ನೋಡೋಣ. ತನ್ನ ಆಸ್ತಿಯನ್ನು ಬ್ರಿಟಿಷ್ ಸೇನೆಯೇ ನಾಶಮಾಡಿದ್ದರಿಂದ ಪರಿಹಾರ ಕೊಡಬೇಕೆಂದು ಬರ್ಮಾ ಆಯಿಲ್ ಕಂಪನಿ ಸ್ಕಾಟ್ಲೆಂಡಿನ ನ್ಯಾಯಾಲಯದಲ್ಲಿ ದಾವೆ ಹೂಡಿತು. ಕೋಟ್ಯಂತರ ಪೌಂಡುಗಳ ಆ ವ್ಯಾಜ್ಯ ಬ್ರಿಟನ್ನಿನ ಅತ್ಯುಚ್ಚ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 1964ರಲ್ಲಿ ಮೂವರು ನ್ಯಾಯಾಧೀಶರು ಪರವಾಗಿ, ಇಬ್ಬರು ವಿರುದ್ಧವಾಗಿ ನಿಂತು, ಪರಿಹಾರ ಸಲ್ಲತಕ್ಕದ್ದೆಂಬ ತೀರ್ಪು ಬಂದಿತು. ಸರಕಾರ ಸುಮ್ಮನಿರಲಿಲ್ಲ, 1965ರಲ್ಲಿ ಯುದ್ಧಹಾನಿ ಕಾನೂನನ್ನು ಪೂರ್ವಾನ್ವಯವಾಗುವಂತೆ ಮಾಡಿ ಆ ಹಕ್ಕನ್ನು ಕಿತ್ತುಹಾಕಿತು. ಇಂದಿಗೂ ಕಾನೂನು ವಿದ್ಯಾರ್ಥಿಗಳು ಓದುವ ಪ್ರಸಿದ್ಧ ಮೊಕದ್ದಮೆಯಿದು.

ಆ ತೀರ್ಪಿನಲ್ಲಿ ಒಂದು ವಿವೇಚನೆಯಿದೆ. ಕದನದ ನಡುವೆ ಆದ ಹಾನಿಗೆ ಪರಿಹಾರವಿಲ್ಲ. ಶತ್ರುವಿಗೆ ಸಿಗಬಾರದೆಂದು ಆಜ್ಞೆಯ ಮೇರೆಗೆ ನಾಶಮಾಡಿದ ಸೊತ್ತಿಗೆ ಪರಿಹಾರವುಂಟು. ಸೊತ್ತಿನ ಕುರಿತ ಈ ತರ್ಕವನ್ನು ಮನುಷ್ಯರಿಗೆ ಅನ್ವಯಿಸಿ ನೋಡಿದರೆ, ಬಾಂಬಿಗೆ ಸಿಕ್ಕಿದ ಕೋರಂಗಿ ಕೂಲಿ ‘ಕದನದ ಹಾನಿ’ಯ ಪಟ್ಟಿಗೆ ಸೇರುತ್ತಾನೆ. ಕಂಪನಿ ಕೊನೆಗೆ ಸೋತಿತೆಂಬುದು ನಿಜ. ಆದರೆ ಅದಕ್ಕೆ ಇಪ್ಪತ್ತೆರಡು ವರ್ಷಗಳ ಅನಂತರವೂ ವಾದಿಸಲು ಲೆಕ್ಕದ ಪುಸ್ತಕವಿತ್ತು, ವಕೀಲರಿದ್ದರು. ಮಣಿಪುರದ ದಾರಿಯಲ್ಲಿ ಸತ್ತವನ ಹೆಂಡತಿಯ ಬಳಿ ತನ್ನ ಗಂಡ ಯಾವ ದಿನ, ಯಾವ ಬೆಟ್ಟದಲ್ಲಿ ಸತ್ತನೆಂಬ ಚೀಟಿಯೂ ಇರಲಿಲ್ಲ.

ಬರ್ಮಾ ಕೈಬಿಟ್ಟಾಗ ಭಾರತದಲ್ಲಿ ಸೀಮೆಎಣ್ಣೆಗೆ ಅಭಾವ ಬಂದಿತು. ಪಡಿತರ ಬಂದಿತು, ‘ಕಂಟ್ರೋಲ್’ ಎಂಬ ಪದ ಹಳ್ಳಿಗೂ ಬಂದಿತು. 1942ರ ಏಪ್ರಿಲ್ 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಜಪಾನೀ ಬಾಂಬು ಬಿದ್ದಾಗ ಯುದ್ಧ ಈ ಸೀಮೆಯ ಹೊಸ್ತಿಲಿಗೇ ಬಂದಂತಾಯಿತು.

5

ಬರ್ಮಾದ ಉದಾಹರಣೆ ಒಂಟಿಯಲ್ಲ. ಅದೇ ಯುದ್ಧದಲ್ಲಿ ಇತರೆಡೆ ನಡೆದ ತೈಲದಾಳಿಗಳನ್ನು ಸ್ಥೂಲವಾಗಿ ನೋಡಿದರೂ ಇದೇ ಚಿತ್ರ ಮೂಡುತ್ತದೆ. 1943ರ ಆಗಸ್ಟ್ 1ರಂದು ರುಮೇನಿಯದ ಪ್ಲೊಯೆಷ್ಟಿಯ ಶುದ್ಧೀಕರಣಾಗಾರಗಳ ಮೇಲೆ ಅಮೆರಿಕದ 170ಕ್ಕೂ ಹೆಚ್ಚು ಬಾಂಬರುಗಳು ಎರಗಿದವು. ಐವತ್ತಕ್ಕೂ ಹೆಚ್ಚು ವಿಮಾನಗಳು ನಾಶವಾದವು. ಉರುಳಿಬಿದ್ದ ವಿಮಾನಗಳಲ್ಲೊಂದು ನಗರದ ಮಹಿಳಾ ಸೆರೆಮನೆಯ ಮೇಲೆ ಬಿದ್ದು ಬಂದಿನಿಯರು ಸುಟ್ಟುಹೋದರು. ಆ ದಾಳಿಯ ವೈಮಾನಿಕರ ಸಾಹಸವನ್ನು ಕುರಿತು ಪುಸ್ತಕಗಳೇ ಇವೆ. ಬೀಗ ಹಾಕಿದ ಕೋಣೆಯಲ್ಲಿ ಸತ್ತ ಸ್ತ್ರೀಯರು ಅವುಗಳ ಅಂಚಿನಲ್ಲಿ ಬರುತ್ತಾರೆ.

1944ರ ಮೇ ತಿಂಗಳಿನಿಂದ ಜರ್ಮನಿಯ ಕೃತಕ ತೈಲ ಕಾರ್ಖಾನೆಗಳ ಮೇಲೆ ನಿರಂತರ ದಾಳಿ ನಡೆಯಿತು. ಜರ್ಮನ್ ಸೇನೆಯ ಇಂಧನ ಬತ್ತಿ ಯುದ್ಧ ಬೇಗ ಮುಗಿಯಲು ಇದು ಕಾರಣವಾಯಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಯುದ್ಧಾನಂತರ ಅಮೆರಿಕವೇ ನಡೆಸಿದ ಸಮೀಕ್ಷೆಯಲ್ಲಿ, ಲೊಯ್ನಾ ಸೇರಿದಂತೆ ಮೂರು ದೊಡ್ಡ ಕಾರ್ಖಾನೆಗಳ ಮೇಲೆ ಹಾಕಿದ ಬಾಂಬುಗಳಲ್ಲಿ ಸುಮಾರು ಎಂಟನೆಯ ಒಂದು ಪಾಲು ಮಾತ್ರ ಬೇಲಿಯೊಳಗೆ ಬಿದ್ದುದು ಕಂಡುಬಂದಿತು. ಉಳಿದ ಏಳು ಪಾಲು ಬಿದ್ದದ್ದು ಬೇಲಿಯ ಹೊರಗೆ. ಬೇಲಿಯ ಹೊರಗೆ ಸಾಮಾನ್ಯವಾಗಿ ಇರುವುದು ಹೊಲ, ದಾರಿ, ಕಾರ್ಮಿಕರ ವಸತಿ.

ಎಲ್ಲಕ್ಕಿಂತ ಮನಕಲಕುವ ಉದಾಹರಣೆ ಜಪಾನಿನ ಅಕಿತಾ ಬಳಿಯ ತ್ಸುಚಿಝಾಕಿಯದು. 1945ರ ಆಗಸ್ಟ್ 14ರ ರಾತ್ರಿ ಅಲ್ಲಿಯ ತೈಲ ಶುದ್ಧೀಕರಣಾಗಾರದ ಮೇಲೆ 130ಕ್ಕೂ ಹೆಚ್ಚು ಬಿ-29 ವಿಮಾನಗಳು ಬಾಂಬು ಹಾಕಿದವು. 250ಕ್ಕೂ ಹೆಚ್ಚು ಜನ ಸತ್ತರು. ಮರುದಿನ ಮಧ್ಯಾಹ್ನ ಚಕ್ರವರ್ತಿ ಹಿರೋಹಿತೋ ಶರಣಾಗತಿಯನ್ನು ಬಾನುಲಿಯಲ್ಲಿ ಘೋಷಿಸಿದನು. ಶರಣಾಗುವ ನಿರ್ಧಾರವಾಗಿತ್ತು, ಯುದ್ಧಕ್ಕೆ ಇನ್ನು ಆ ಎಣ್ಣೆ ಬೇಕಿರಲಿಲ್ಲ.

ನಮ್ಮ ದೇಶವೂ ಈ ವಿಮರ್ಶೆಯಿಂದ ಹೊರತಾಗಬಾರದು. 1971ರ ಡಿಸೆಂಬರಿನಲ್ಲಿ ಭಾರತದ ವಾಯುಸೇನೆಯೂ ನೌಕಾಸೇನೆಯೂ ಕರಾಚಿಯ ಕಿಯಾಮಾರಿ ತೈಲದ ಟಾಕಿಗಳಿಗೆ ಬೆಂಕಿಯಿಟ್ಟವು. ಆ ಬೆಂಕಿ ದಿನಗಟ್ಟಲೆ ಉರಿಯಿತು. ಡಿಸೆಂಬರ್ 4ನ್ನು ನಾವು ನೌಕಾದಿನವಾಗಿ ಆಚರಿಸುತ್ತೇವೆ. ನಾವಿಕರ ಧೈರ್ಯ ಗೌರವಾರ್ಹವೇ. ಆದರೆ ಮುಳುಗಿದ ಹಡಗುಗಳ ಹೆಸರನ್ನು ತಪ್ಪಿಲ್ಲದೆ ಹೇಳುವ ನಮ್ಮ ಕಥನಗಳಲ್ಲಿ ವ್ಯಾಪಾರಿ ಹಡಗುಗಳ ನಾವಿಕರಿಗೂ ಕಿಯಾಮಾರಿಯ ಬಂದರು ಕೂಲಿಗಳಿಗೂ ಸ್ಥಾನವಿಲ್ಲ. ಮದರಾಸಿನ ಕೂಲಿಗೆ ಒಂದು ನ್ಯಾಯ, ಕರಾಚಿಯ ಕೂಲಿಗೆ ಇನ್ನೊಂದು ನ್ಯಾಯವೆಂದಾದರೆ ನಮ್ಮ ಇತಿಹಾಸ ಎಮ್ಡೆನ್ನಿನ ಫಲಕದಿಂದ ಮುಂದೆ ಹೋಗಿಲ್ಲವೆಂದೇ ಅರ್ಥ.

6

ಈ ಹಂತದಲ್ಲಿ ಕನ್ನಡದ ಪರಂಪರೆಯ ಕಡೆಗೆ ತಿರುಗುವುದು ಉಚಿತ. ಮಧ್ಯಕಾಲೀನ ಕರ್ನಾಟಕದ ವೀರಗಲ್ಲುಗಳನ್ನು ಓದುವಾಗ ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂಬ ಪದಗಳು ಪದೇ ಪದೇ ಎದುರಾಗುತ್ತವೆ. ದನಗಳನ್ನು ಹೊಡೆದೊಯ್ದಾಗ, ಊರನ್ನು ಹಾಳುಗೆಡವಿದಾಗ, ಹೆಂಗಸರ ಮೇಲೆ ಕೈಮಾಡಿದಾಗ ಎದುರಿಸಿ ಸತ್ತವರ ಸ್ಮಾರಕಗಳಿವು. ಅರಸರೊಂದಿಗೆ ಹೊಲೆಯ, ಬೇಡ, ಗೊಲ್ಲ, ಒಕ್ಕಲಿಗರ ಹೆಸರುಗಳೂ ಕಲ್ಲಿನ ಮೇಲೆ ಉಳಿದಿವೆ. ಸತ್ತವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಕೊಟ್ಟ ದಾಖಲೆಗಳಿವೆ. ಒಂದು ಹಳ್ಳಿಯ ಜಗಳದಲ್ಲಿ ಸತ್ತವನಿಗೂ ಹೆಸರು, ತಂದೆಯ ಹೆಸರು, ಸತ್ತ ಕಾರಣ, ಉಳಿದವರಿಗೆ ತುಂಡು ನೆಲ: ಇಷ್ಟು ಸಲ್ಲಬೇಕೆಂಬ ಲೋಕನೀತಿ ಇಲ್ಲಿ ಕಾಣುತ್ತದೆ.

ಈ ಪರಂಪರೆಯನ್ನು ಅತಿಯಾಗಿ ಹೊಗಳುವುದೂ ತರವಲ್ಲ. ವೀರಗಲ್ಲು ಕಾದಿ ಸತ್ತವನಿಗೆ ನಿಲ್ಲುತ್ತದೆ; ಊರಳಿವಿನಲ್ಲಿ ಓಡಲಾರದೆ ಸತ್ತ ಮುದುಕಿಗೆ, ತೊಟ್ಟಿಲ ಕೂಸಿಗೆ ಅಲ್ಲ. ಆಧುನಿಕ ತೈಲದಾಳಿಯಲ್ಲಿ ಸಾಯುವವರು ಬಹುಮಟ್ಟಿಗೆ ಈ ಎರಡನೆಯ ವರ್ಗದವರು. ಅವರನ್ನು ನೆನೆಯಲು ಕಾವ್ಯದ ಕಡೆಗೆ ಹೋಗಬೇಕಾಗುತ್ತದೆ.

ಖಾಂಡವದಹನದ ಪ್ರಸಂಗ ಕನ್ನಡದಲ್ಲಿ ಪಂಪನಿಂದ ಹಿಡಿದು ಕುಮಾರವ್ಯಾಸನವರೆಗೆ ಬಂದಿದೆ. ಅಗ್ನಿಯ ಹಸಿವಿಗಾಗಿ ಅರ್ಜುನನೂ ಕೃಷ್ಣನೂ ಒಂದು ಕಾಡನ್ನೇ ಒಪ್ಪಿಸುತ್ತಾರೆ. ನಾಯಕನಿಗೆ ಗಾಂಡೀವ ಸಿಗುತ್ತದೆ, ಕೀರ್ತಿ ಸಿಗುತ್ತದೆ. ಕಾಡಿನ ಹಕ್ಕಿ, ಮೃಗ, ಹಾವುಗಳು ಬೇಯುತ್ತವೆ. ಆದರೆ ಭಾರತದ ಕಥೆ ಆ ಬೆಂಕಿಯನ್ನು ಅಲ್ಲಿಗೇ ಆರಲು ಬಿಡುವುದಿಲ್ಲ. ತಾಯಿಯನ್ನು ಕಳೆದುಕೊಂಡು ಬದುಕುಳಿದ ಅಶ್ವಸೇನ ಕುರುಕ್ಷೇತ್ರದಲ್ಲಿ ಕರ್ಣನ ಸರ್ಪಾಸ್ತ್ರವಾಗಿ ಅರ್ಜುನನ ಕೊರಳನ್ನರಸಿ ಬರುತ್ತಾನೆ. ಲೆಕ್ಕಕ್ಕೆ ಸೇರದ ಸಾವು ಎಂದಾದರೊಂದು ದಿನ ಲೆಕ್ಕ ಕೇಳಿಯೇ ತೀರುತ್ತದೆ ಎಂಬುದನ್ನು ಆ ಕವಿಗಳು ಬಲ್ಲವರಾಗಿದ್ದರು.

7

ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ವೇಮುಲವಾಡ ಇಂದಿನ ತೆಲಂಗಾಣದಲ್ಲಿದೆ. ಆ ಕರೀಂನಗರ, ಸಿರಿಸಿಲ್ಲಾ ಸೀಮೆಯಿಂದಲೇ ಇಂದು ದೊಡ್ಡ ಸಂಖ್ಯೆಯಲ್ಲಿ ಜನ ಕೊಲ್ಲಿ ರಾಷ್ಟ್ರಗಳಿಗೆ ಕೂಲಿಗೆ ಹೋಗುತ್ತಾರೆ. ಹೈದರಾಬಾದಿನ ಹಳೆಯ ನಗರದಿಂದಲೂ ಕರ್ನಾಟಕದ ಕರಾವಳಿಯಿಂದಲೂ ಹೋಗುತ್ತಾರೆ. ಹಿಂದೆ ಸಿರಿಯಂಗೆ ಕೋರಂಗಿಗಳು ಹೋದಂತೆ ಈಗ ಇವರು. 2022ರ ಜನವರಿ 17ರಂದು ಅಬುಧಾಬಿಯ ಮುಸಫ್ಫಾದಲ್ಲಿ ತೈಲ ಸಂಗ್ರಹಾಗಾರದ ಬಳಿ ಡ್ರೋನ್ ದಾಳಿಯಿಂದ ಟ್ಯಾಂಕರುಗಳು ಸಿಡಿದಾಗ ಸತ್ತವರು ಮೂವರು. ಇಬ್ಬರು ಭಾರತೀಯರು, ಒಬ್ಬರು ಪಾಕಿಸ್ತಾನಿ. ದಾಳಿ ಮಾಡಿದವರು ಯೆಮನಿನ ಹೂತಿಗಳು. ಸತ್ತವರ ಪೈಕಿ ಒಬ್ಬರಿಗೂ ಆ ಯುದ್ಧ ತನ್ನದಾಗಿರಲಿಲ್ಲ.

ಅಂತಾರಾಷ್ಟ್ರೀಯ ಕಾನೂನು ಇವರಿಗೆ ಕೊಡುವ ರಕ್ಷಣೆ ಅಲ್ಪ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಅನುಬಂಧವು ಅಣೆಕಟ್ಟು, ಒಡ್ಡು, ಅಣುವಿದ್ಯುತ್ ಸ್ಥಾವರಗಳಿಗೆ ವಿಶೇಷ ರಕ್ಷಣೆ ನೀಡಿತು. ಆ ಪಟ್ಟಿಯಲ್ಲಿ ತೈಲ ಶುದ್ಧೀಕರಣಾಗಾರ ಇಲ್ಲ. ಆ ಅನುಬಂಧಕ್ಕೆ ಅಮೆರಿಕವೂ ಭಾರತವೂ ಬದ್ಧವಾಗಿಲ್ಲ. ದಾಳಿಯಿಂದಾಗುವ ಜನಹಾನಿ ಸೈನಿಕ ಲಾಭಕ್ಕೆ ಮಿತಿಮೀರಿರಬಾರದೆಂಬ ಸಾಮಾನ್ಯ ನಿಯಮವೇನೋ ಇದೆ. ಆದರೆ ಜನಹಾನಿಯನ್ನು ಎಣಿಸದೆ ಅದು ಮಿತಿಯೊಳಗಿದೆಯೋ ಮೀರಿದೆಯೋ ಎಂದು ತೂಗುವುದಾದರೂ ಹೇಗೆ?

ಆದುದರಿಂದ ಎಣಿಕೆಯ ಕೆಲಸ ಕಾನೂನಿಗಿಂತ ಮೊದಲಿನದು, ಮತ್ತು ಅದು ನಮ್ಮಂಥವರಿಂದ ಆಗಬಹುದಾದದ್ದು. ವಿಶಾಖಪಟ್ಟಣದಲ್ಲಿ ‘ಬರ್ಮಾ ಕ್ಯಾಂಪ್’ ಎಂಬ ಬಡಾವಣೆಯೇ ಇದೆ. ಬರ್ಮಾದಿಂದ ಮರಳಿದವರ ಮಕ್ಕಳು ಮೊಮ್ಮಕ್ಕಳು ಆಂಧ್ರ, ತೆಲಂಗಾಣಗಳಲ್ಲಿ ಬಾಳುತ್ತಿದ್ದಾರೆ. ಕೊಲ್ಲಿಯಿಂದ ಬಂದ ಶವಪೆಟ್ಟಿಗೆಗಳನ್ನು ಇಳಿಸಿಕೊಂಡ ಮನೆಗಳು ಈ ನಗರದಲ್ಲಿಯೂ ಸುತ್ತಲಿನ ಜಿಲ್ಲೆಗಳಲ್ಲಿಯೂ ಇವೆ. ಶಾಸನಗಳನ್ನು ಪಡಿಯಚ್ಚು ತೆಗೆದ ಶ್ರದ್ಧೆಯಿಂದಲೇ ಈ ಮನೆಗಳ ನೆನಪುಗಳನ್ನು ಬರೆದಿಡುವ ಕಾರ್ಯವನ್ನು ನಮ್ಮ ಸಂಶೋಧನ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕೆಂಬುದು ನಮ್ಮ ಆಶಯ. ಸತ್ತವನ ಹೆಸರು, ಊರು, ದಿನ, ಮಾಡುತ್ತಿದ್ದ ಕೆಲಸ, ಬಿಟ್ಟುಹೋದವರು ಎಂಬ ಐದು ವಿವರಗಳು ಸಿಕ್ಕರೂ ಸಾಕು. ಸಾವಿರ ವರ್ಷಗಳ ಹಿಂದೆ ಹಳ್ಳಿಯ ಕಲ್ಲುಕುಟಿಗನು ಕೊಟ್ಟದ್ದು ಹೆಚ್ಚುಕಡಮೆ ಇಷ್ಟನ್ನೇ.